ಗೊತ್ತಿದ್ದ ಮನೆತನ

ಕೆನ್ನೆಗೆ ಬ್ಲೇಡು ತಾಗಿ ಒಂದು ಹನಿ ರಕ್ತ ಬೇಸಿನ್ನಿಗೆ ಬಿದ್ದಾಗ ಬಕ್ಕೇಶಪ್ಪನಿಗೆ ಆದದ್ದು ನೋವಲ್ಲ, ಸಿಕ್ಕಿಬಿದ್ದವನ ಗಾಬರಿ. ನಲ್ಲಿ ಬಿಟ್ಟ. ಹನಿ ಎಳೆಯಾಗಿ ಹರಿದು ಹೋಯಿತು. ಹೋದ ಮೇಲೂ ಅಲ್ಲೇ ಇದೆ ಅನ್ನಿಸಿ, ಮೂಲೆಯಲ್ಲಿದ್ದ ಫಿನಾಯಿಲು ಸುರಿದು ಬ್ರಷ್ಷಿನಿಂದ ತಿಕ್ಕಿದ, ತೊಳೆದ, ಮತ್ತೆ ತಿಕ್ಕಿದ. ಬ್ಲೇಡನ್ನು ಕಾಗದದಲ್ಲಿ ಸುತ್ತಿ, ಆ ಕಾಗದವನ್ನು ಇನ್ನೊಂದು ಕಾಗದದಲ್ಲಿ ಸುತ್ತಿ, ಎಲ್ಲಿ ಎಸೆಯುವುದೆಂದು ತಿಳಿಯದೆ ಪೈಜಾಮದ ಜೇಬಿಗೆ ಹಾಕಿಕೊಂಡ. ತಟ್ಟೆಯಿಂದ ಬರುವುದಿಲ್ಲ, ಲೋಟದಿಂದ ಬರುವುದಿಲ್ಲ, ಒಂದೇ ಬಚ್ಚಲು ಬಳಸಿದರೆ ಬರುವುದಿಲ್ಲ ಎಂದು ಶುಕ್ರವಾರ ಆಸ್ಪತ್ರೆಯಲ್ಲಿ ಆ ಹೆಣ್ಣುಮಗಳು ಬಿಡಿಸಿ ಬಿಡಿಸಿ ಹೇಳಿದ್ದಳು. ಅವನೂ ತಿಳಿದವನ ಹಾಗೆ ತಲೆಯಾಡಿಸಿದ್ದ. ತಲೆಗೆ ಗೊತ್ತಾದದ್ದು ಕೈಗೂ ಗೊತ್ತಾಗಬೇಕಲ್ಲ. ಕೈ ತಿಕ್ಕುತ್ತಲೇ ಇತ್ತು. ಹೊರಗಿನಿಂದ ಹೆಂಡತಿ ಲತಾ ಕೂಗಿದಳು.

"ಏನ್ರಿ, ಗಡ್ಡ ತೆಗಿಯಾಕೆ ಹೋದೋರು ಬಚ್ಚಲ ತೊಳಿಯಾಕೆ ಹತ್ತೀರೇನು? ಹತ್ತು ಗಂಟೆಗೆ ಹರಿಹರದಾಗಿರಬೇಕು ಅಂದೋರು ನೀವಾ."

"ಬಂದೆ" ಅಂದ. ಧ್ವನಿ ಸರಿಯಾಗಿಯೇ ಬಂತು. ಎರಡು ದಿನದಿಂದ ಅವನಿಗೆ ಇದೇ ಸೋಜಿಗ. ಧ್ವನಿ ಸರಿಯಾಗಿ ಬರುತ್ತದೆ, ಹೊತ್ತಿಗೆ ಸರಿಯಾಗಿ ಹಸಿವಾಗುತ್ತದೆ, ನಿನ್ನೆ ಸಂಜೆ ಮಂಡಕ್ಕಿಯ ಜೊತೆ ಮಿರ್ಚಿ ತಿಂದಾಗ ಖಾರ ನೆತ್ತಿಗೇರಿ ಕಣ್ಣಲ್ಲಿ ನೀರೂ ಬಂದಿತ್ತು. ಕನ್ನಡಿಯಲ್ಲಿ ನಲವತ್ತನಾಲ್ಕು ವರ್ಷದ, ಸ್ವಲ್ಪ ಹೊಟ್ಟೆ ಬಂದ, ಊರವರು ಕಂಡಕೂಡಲೇ ನಮಸ್ಕಾರ ಮಾಡುವ ಅದೇ ಬಕ್ಕೇಶಪ್ಪನಿದ್ದ. ಹಣೆಗೆ ವಿಭೂತಿ ಹಚ್ಚಿಕೊಳ್ಳುವಾಗ ಮೂರು ಬೆರಳೂ ನಡುಗಲಿಲ್ಲ. ನಡುಗಿದ್ದರೆ ಅವನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಬಕ್ಕೇಶಪ್ಪ ಸಂಬಂಧ ಕೂಡಿಸುವವನು. ದಾವಣಗೆರೆಯ ಮಂಡಿಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಅವನ ವಧು-ವರ ಮಾಹಿತಿ ಕೇಂದ್ರ. ಅವನಪ್ಪ ಬಗಲಿಗೆ ಚೀಲ ಹಾಕಿಕೊಂಡು ಹದಡಿ, ಭಾನುವಳ್ಳಿ ಎಂದು ಊರೂರು ಅಲೆದು ಮಾಡಿದ ಕೆಲಸವನ್ನು ಇವನು ಫ್ಯಾನಿನ ಕೆಳಗೆ ಕೂತು ಮಾಡುತ್ತಾನೆ, ಅಷ್ಟೇ ವ್ಯತ್ಯಾಸ. ಮೆಟ್ಟಿಲು ಹತ್ತಿ ಬಂದವರು ಏದುಸಿರು ಬಿಡುತ್ತಿರುವಾಗಲೇ ಪ್ರಶ್ನೆ ಶುರು. ಯಾವೂರು, ಯಾರ ಪೈಕಿ, ಯಾವ ಮಠ, ಬೆಡಗು ಯಾವುದು, ತಾಯಿಯ ತವರು ಯಾವುದು, ಆ ತವರಿನವರು ಯಾರ ಮನೆಯಿಂದ ಹೆಣ್ಣು ತಂದರು. ಅರ್ಧ ಗಂಟೆಯಲ್ಲಿ ಮೂರು ತಲೆಮಾರು ಮೇಜಿನ ಮೇಲೆ ಬಂದು ಬೀಳುತ್ತಿತ್ತು. ಹುಡುಗ ಕುಡಿಯುತ್ತಾನೋ, ಹುಡುಗಿಗೆ ಈ ಗಂಡು ಒಪ್ಪಿಗೆಯೋ ಎಂಬುದೆಲ್ಲ ಆಮೇಲಿನ ಮಾತು. ಮನೆತನ ಸರಿ ಇದ್ದರೆ ಮಿಕ್ಕದ್ದೆಲ್ಲ ತಾನಾಗಿಯೇ ಸರಿ ಇರುತ್ತದೆ ಎಂದು ಅಪ್ಪ ನಂಬಿದ್ದ, ಮಗನೂ ನಂಬಿದ್ದ. ಮಾತು ಪಕ್ಕಾ ಆದ ದಿನ ಎಲೆಅಡಿಕೆಯ ತಟ್ಟೆ ಬದಲಾಯಿಸುವ ಮೊದಲು ಎರಡೂ ಕಡೆಯ ಹಿರಿಯರ ನಡುವೆ ನಿಂತು, "ಇದು ನಾ ಕಂಡ ಮನೆ" ಎಂದು ಹೇಳುವುದು ಅಪ್ಪ ಹಾಕಿಕೊಟ್ಟ ಪದ್ಧತಿ. ಆ ಮಾತು ಬಿದ್ದ ಮೇಲೆ ಯಾರೂ ಮತ್ತೆ ವಿಚಾರಿಸಲು ಹೋಗುತ್ತಿರಲಿಲ್ಲ. ಇವತ್ತು ಹರಿಹರದಲ್ಲಿ ಅವನು ಆ ಮಾತು ಹೇಳಬೇಕಾಗಿತ್ತು.

ಸ್ಕೂಟರಿನ ಹಿಂದೆ ಕೂರುವಾಗ ಲತಾ ಎಡಗೈಯಿಂದ ಪಕ್ಕೆ ಹಿಡಿದುಕೊಂಡು "ಸ್ಸ್" ಅಂದಳು. ಅವನು ಕೇಳಿಸಿಕೊಳ್ಳಲಿಲ್ಲ, ಅಂದರೆ ಕೇಳಿಸಿಕೊಳ್ಳದವನ ಹಾಗೆ ಕಿಕ್ ಹೊಡೆದ. ಎರಡು ತಿಂಗಳ ಹಿಂದೆ ಅವಳಿಗೆ ಸರ್ಪಸುತ್ತು ಆಗಿತ್ತು. ಪಕ್ಕೆಯಿಂದ ಬೆನ್ನಿನವರೆಗೆ ಕೆಂಪು ಗುಳ್ಳೆಗಳು ಸಾಲಾಗಿ ಎದ್ದು ರಾತ್ರಿಯೆಲ್ಲ ಮಗ್ಗುಲು ಬದಲಿಸಲಾಗದೆ ನರಳಿದ್ದಳು. ಪಕ್ಕದ ಮನೆಯ ತಿಮ್ಮವ್ವ ಕೆಮ್ಮಣ್ಣು ಕಲಸಿಕೊಟ್ಟಿದ್ದಳು, ಇವನೇ ಬೆರಳಿನಲ್ಲಿ ತೆಗೆದು ಹಚ್ಚಿದ್ದ. ಎಷ್ಟು ಮೆಲ್ಲಗೆ ಹಚ್ಚಿದ್ದನೆಂದರೆ ಅವಳು ಆ ನೋವಿನಲ್ಲೂ, "ಇಷ್ಟು ಚೊಲೊ ನೋಡ್ಕೊಂತೀರಿ ಅಂದ್ರೆ ವರ್ಷಕ್ಕೊಂದು ಸಲ ಬರಲಿ ಬಿಡ್ರಿ" ಎಂದಿದ್ದಳು. ಮೈಯಲ್ಲಿ ಶಕ್ತಿ ಕುಂದಿದವರಿಗೆ ಅದು ಬೇಗ ಬರುತ್ತದೆ ಎಂದು ಶುಕ್ರವಾರ ರಾತ್ರಿ ಅವನು ಫೋನಿನಲ್ಲಿ ಓದಿದ್ದ. ಯಾರಿಗೆ ಬೇಕಾದರೂ ಬರಬಹುದು ಎಂದೂ ಅಲ್ಲೇ ಬರೆದಿತ್ತು. ಆ ಎರಡನೆಯ ಸಾಲನ್ನು ಮೂರು ಸಲ ಓದಿ ಫೋನು ಮಗುಚಿಟ್ಟಿದ್ದ.

ರಕ್ತದಾನ ಮಾಡಲು ಹೋಗದೇ ಇದ್ದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಸಮಾಜದ ಹಿರಿಯರು ಏರ್ಪಡಿಸಿದ್ದ ಶಿಬಿರ; ಮುಂದಿನ ಸಾಲಿನಲ್ಲಿ ಮಲಗಿ, ತೋಳು ಚಾಚಿ, ಪೇಪರಿನವರ ಕ್ಯಾಮೆರಾಕ್ಕೆ ಹಲ್ಲು ಕಿರಿದು ಬಂದಿದ್ದ. ಎರಡು ವಾರದ ಮೇಲೆ ಫೋನು ಬಂತು. ದೊಡ್ಡಾಸ್ಪತ್ರೆಗೆ ಒಮ್ಮೆ ಬಂದು ಹೋಗಿ, ಬರುವಾಗ ಒಬ್ಬರೇ ಬನ್ನಿ. ಅಲ್ಲಿ ಮತ್ತೆ ರಕ್ತ ತೆಗೆದು, ಮೂರು ಸಲ ಬೇರೆ ಬೇರೆ ರೀತಿ ಪರೀಕ್ಷಿಸಿ, ಕೊನೆಗೆ ಹಸಿರು ಪರದೆಯ ಸಣ್ಣ ಕೋಣೆಯಲ್ಲಿ ಸುನೀತಾ ಎಂಬ ಆಪ್ತಸಮಾಲೋಚಕಿ ಬಾಗಿಲು ಮುಂದೆ ಮಾಡಿ ಹೇಳಿದಳು. ಎಚ್‌ಐವಿ ಇದೆ. ಹೆದರಬೇಡಿ, ದಿನಕ್ಕೊಂದು ಮಾತ್ರೆ, ಬಿಡದೆ ತೆಗೆದುಕೊಂಡರೆ ಎಲ್ಲರ ಹಾಗೆ ಬದುಕುತ್ತೀರಿ, ಮೈಯಲ್ಲಿ ವೈರಸ್ಸು ಕಾಣದಷ್ಟು ಇಳಿದರೆ ಇನ್ನೊಬ್ಬರಿಗೆ ದಾಟುವುದೂ ಇಲ್ಲ. ಅವಳ ಮಾತೆಲ್ಲ ನಿಂತ ನೀರಿನ ಹಾಗೆ ಸಮವಾಗಿತ್ತು. ಆಮೇಲೆ ಯಾರ ಜೊತೆ, ಹೆಂಗಸರೋ ಗಂಡಸರೋ ಎಂದು ಕೇಳಿದಳು. ಗಂಡಸರು ಎಂಬ ಪದ ಅವಳ ಬಾಯಲ್ಲಿ ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೆ ಅಳು ಬರುವಂತಾಯಿತು. ಅದನ್ನು ನುಂಗಿಕೊಂಡು, ಇಪ್ಪತ್ತು ವರ್ಷದ ರೂಢಿಯಲ್ಲಿ, ತನ್ನ ಗೌರವವನ್ನು ಎತ್ತಿ ಹಿಡಿದುಕೊಂಡು ಹೇಳಿದ:

"ಹೂಂ ಮೇಡಂ. ಆದ್ರೆ ಎಲ್ಲರೂ ಒಳ್ಳೆ ಮನೆತನದೋರು. ಗೊತ್ತಿದ್ದೋರು. ಕಂಡಕಂಡೋರ ಹತ್ರ ನಾನು ಹೋಗಿಲ್ಲ."

ಸುನೀತಾ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು. "ಮನೆತನ ಕೇಳ್ಲಿಲ್ರಿ ನಾನು. ಕಾಂಡೋಮ್ ಬಳಸಿದ್ರಾ ಇಲ್ವಾ, ಅದನ್ನ ಹೇಳ್ರಿ."

ಇಲ್ಲ. ಬಳಸಿರಲಿಲ್ಲ. ಅಂದರೆ ಒಂದು ಕಾಲದಲ್ಲಿ ಬಳಸುತ್ತಿದ್ದ. ಮದುವೆಗೆ ಮುಂಚೆ ಊರು ಹೆಸರು ಕೇಳದೆ ಭೇಟಿಯಾದ ಒಂದಿಬ್ಬರ ಜೊತೆ ಬಳಸಿದ್ದ, ಮತ್ತು ಬಳಸಿದ ಪ್ರತಿ ಸಲವೂ ತಾನು ಎಂಥ ಹೊಲಸಿಗೆ ಇಳಿದೆ ಎಂದು ಹೇಸಿದ್ದ. ಆಮೇಲೆ ಅವನಿಗೊಂದು ದಾರಿ ಹೊಳೆಯಿತು. ಯಾರೇ ಆಗಲಿ, ಮೊದಲು ಮಾತಾಡಿಸುವುದು. ಯಾವೂರು, ಯಾರ ಪೈಕಿ. ಮೊದಮೊದಲು ಮಠದ ಕಾರ್ಯಕ್ರಮಗಳಲ್ಲಿ ಪರಿಚಯವಾದವರು, ಈಚೆಗೆ ಫೋನಿನ ಆ್ಯಪಿನಲ್ಲಿ ಮುಖವಿಲ್ಲದ ಚಿತ್ರ ಹಾಕಿಕೊಂಡು ಬರುವವರು. ಎಲ್ಲರಿಗೂ ಅದೇ ಪ್ರಶ್ನೆ. ಉತ್ತರ ಕೊಡದವರನ್ನು ಅಲ್ಲಿಗೇ ಕೈಬಿಡುತ್ತಿದ್ದ. ಕೊಟ್ಟವರಲ್ಲಿ ಮದುವೆಯಾದವರು, ಮನೆ ಮಠ ಇರುವವರು, ಮರ್ಯಾದೆಗೆ ಅಂಜುವವರು ಮಾತ್ರ ಅವನ ಜರಡಿಯಲ್ಲಿ ಉಳಿಯುತ್ತಿದ್ದರು. ಹದಿನಾರು ವರ್ಷದಲ್ಲಿ ಐದೇ ಜನ. ಅಂಥವರ ಮುಂದೆ ಕಾಂಡೋಮ್ ತೆಗೆಯುವುದೆಂದರೆ, ನಿಮ್ಮ ಮನೆಯ ನೀರು ಕುಡಿಯಲಾರೆ ಎಂದು ಹೇಳಿದ ಹಾಗೆ. ಅವನೂ ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ಪರಸ್ಪರ ಎಷ್ಟೊಂದು ಮರ್ಯಾದೆ! ಐದು ಜನರೂ ಅವನ ಬಗ್ಗೆ ಹಾಗೇ ಅಂದುಕೊಂಡಿರಬಹುದು ಎಂಬುದು, ಅವರ ಒಬ್ಬೊಬ್ಬರ ಹಿಂದೆಯೂ ಮತ್ತೆ ಐದೈದು ಜನ ಗೊತ್ತಿದ್ದ ಮನೆತನದವರು ಇದ್ದಿರಬಹುದು ಎಂಬುದು, ಆ ಹಸಿರು ಪರದೆಯ ಕೋಣೆಯಲ್ಲಿ ಕೂತಾಗ ಅವನಿಗೆ ಮೊದಲ ಸಲ ಹೊಳೆಯಿತು. ಹೋಗುವಾಗ ಸುನೀತಾ ಹೇಳಿದ್ದು ಒಂದೇ ಮಾತು. "ಸೋಮವಾರ ಮನೆಯವ್ರನ್ನ ಕರ್ಕೊಂಡು ಬರ್ರಿ. ತಡ ಮಾಡಬ್ಯಾಡ್ರಿ."

ಸೋಮವಾರ ನಾಳೆ. ಆದರೆ ಮೊದಲು ಇವತ್ತಿನದು ಮುಗಿಯಬೇಕು ಎಂದು ಅವನು ತನಗೆ ತಾನೇ ಶುಕ್ರವಾರದಿಂದ ಹೇಳಿಕೊಳ್ಳುತ್ತಿದ್ದ. ಇವತ್ತಿನದು ದೊಡ್ಡದು. ಇವತ್ತು ಒಂದು ಹೆಣ್ಣಿನ ಜೀವದ ಪ್ರಶ್ನೆ. ಹಳೆಯ ಹೆದ್ದಾರಿಯ ಅಂಚಿಗೆ ಒಣಹಾಕಿದ ಮೆಕ್ಕೆಜೋಳ ಬಿಸಿಲಿಗೆ ಹಳದಿಯಾಗಿ ಉದ್ದಕ್ಕೂ ಹರಡಿತ್ತು, ಸ್ಕೂಟರು ಅದರ ಪಕ್ಕ ಓಡುತ್ತಿತ್ತು, ಲತಾ ಹಿಂದಿನಿಂದ ಕೃತಿಕಾಳ ಸೀರೆಯ ಬಣ್ಣದ ಬಗ್ಗೆ ಏನೋ ಹೇಳುತ್ತಿದ್ದಳು. ಕೃತಿಕಾ ನಿಜಲಿಂಗಪ್ಪ ಬಡಾವಣೆಯ ನಿರ್ಮಲಮ್ಮನ ಮಗಳು. ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ತಂದೆಯಿಲ್ಲದ ಹುಡುಗಿ. ಅವಳಿಗೆ ಬಕ್ಕೇಶಪ್ಪ ನೋಡಿದ ಗಂಡು ಪ್ರಶಾಂತ, ಭಾನುವಳ್ಳಿಯ ರೈಸ್‌ಮಿಲ್ಲಿನ ನಾಗರಾಜಪ್ಪನ ಒಬ್ಬನೇ ಮಗ. ಆ ಐದು ಜನರಲ್ಲಿ ಮದುವೆಯಾಗದಿದ್ದವನು ಅವನೊಬ್ಬನೇ, ಕೊನೆಯವನೂ ಅವನೇ. ಎರಡು ವರ್ಷ ಭಾನುವಾರ ಮಧ್ಯಾಹ್ನ, ಕೇಂದ್ರಕ್ಕೆ ರಜೆ ಇರುವಾಗ, ಮಂಡಿಪೇಟೆಯ ಆ ಮೆಟ್ಟಿಲು ಹತ್ತಿ ಬಂದವನು. ಫೈಲುಗಳ ನಡುವೆ ಚಾಪೆ ಹಾಸುವಾಗ ಗೋಡೆಯ ಮೇಲಿನ ವಧುಗಳ ಫೋಟೋಗಳನ್ನು ನೋಡಿ, "ಇವರೆಲ್ಲ ನಮ್ಮನ್ನಾ ನೋಡ್ತಿದಾರೆ ಅಣ್ಣಾರೆ" ಎಂದು ನಗುತ್ತಿದ್ದವನು. ಬಕ್ಕೇಶಪ್ಪ ಅವನನ್ನು ಪ್ರೀತಿಸಿದ್ದ. ಆ ಪದವನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಪ್ರೀತಿಸಿದ್ದ. ನಾಗರಾಜಪ್ಪನೇ ಒಂದು ದಿನ ಜಾತಕ, ಫೋಟೋ ಹಿಡಿದು ಮೆಟ್ಟಿಲು ಹತ್ತಿ ಬಂದಾಗ, ಯಾರದೋ ಕೈಗೆ ಹೋಗುವ ಬದಲು ನಾನು ಆರಿಸಿದ ಮನೆಗೇ ಹೋಗಲಿ ಎಂದುಕೊಂಡು ಫೈಲು ತೆರೆದಿದ್ದ. ಅದು ತ್ಯಾಗವೋ ಹೊಟ್ಟೆಕಿಚ್ಚೋ ಅವನಿಗೇ ಗೊತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ನಿರ್ಮಲಮ್ಮ ಚಹಾ ಕೊಟ್ಟು ಸೆರಗು ಸರಿ ಮಾಡಿಕೊಂಡು ಕೇಳಿದ್ದಳು. "ಅಣ್ಣಾರೆ, ಈಗೆಲ್ಲ ಹುಡುಗರ್ದು ರಕ್ತ ಪರೀಕ್ಷೆ ಕೇಳ್ತಾರಂತಲ್ಲ. ನಾವೂ ಕೇಳಾಣೇನು? ತಂದೆ ಇಲ್ಲದ ಹುಡುಗಿ, ಅದಕಾ ಹೆದರಿಕೆ." ಅವನು ಚಹಾದ ಕಪ್ಪನ್ನು ಶಬ್ದ ಬರುವಂತೆ ಕೆಳಗಿಟ್ಟು, "ನಾಗರಾಜಪ್ಪನೋರ ಮನೆತನಕ್ಕೆ ರಕ್ತ ಪರೀಕ್ಷೆ ಕೇಳಿದ್ರೆ ಅವರು ಎದ್ದು ಹೋಗ್ತಾರಮ್ಮ. ಹಂಗೆಲ್ಲ ಕೇಳಬಾರದು. ನಾ ಕಂಡ ಮನೆ ಅದು" ಎಂದಿದ್ದ. ನಿರ್ಮಲಮ್ಮ ನಾಚಿ, ತಪ್ಪಾಯಿತು ಎಂದಿದ್ದಳು. ಆ ತಪ್ಪಾಯಿತು ಎಂಬ ಮಾತು ಎರಡು ರಾತ್ರಿಯಿಂದ ಅವನ ಕಿವಿಯಲ್ಲಿ ಕೂತಿತ್ತು. ತನ್ನಿಂದ ಪ್ರಶಾಂತನಿಗೋ, ಪ್ರಶಾಂತನಿಂದ ತನಗೋ, ಹೇಗಾದರೂ ಅದು ಇಬ್ಬರಲ್ಲೂ ಇದ್ದೇ ಇದೆ. ಇನ್ನು ಎರಡು ತಿಂಗಳಲ್ಲಿ ಅದು ಆ ವಿಜ್ಞಾನದ ಟೀಚರಿನ ಮೈಗೆ ಹೋಗುತ್ತದೆ, ನಾ ಕಂಡ ಮನೆ ಎಂಬ ತನ್ನ ಮಾತಿನ ಮೇಲೇ ಹೋಗುತ್ತದೆ. ಇದನ್ನು ನಿಲ್ಲಿಸುತ್ತೇನೆ. ಪ್ರಶಾಂತನನ್ನು ಒಂದು ಬದಿಗೆ ಕರೆದು ಹೇಳುತ್ತೇನೆ. ಅವನು ಒಪ್ಪದಿದ್ದರೆ ಹಿರಿಯರ ನಡುವೆ ನಿಂತು, ಕಾರಣ ಹೇಳದೆ, ಈ ಸಂಬಂಧ ಬ್ಯಾಡ ಅನ್ನುತ್ತೇನೆ. ಹೀಗೆ ಯೋಚಿಸಿದಾಗ ಅವನ ಎದೆಯಲ್ಲಿ ಏನೋ ಎತ್ತರವಾದಂತೆ ಆಗುತ್ತಿತ್ತು. ಒಂದು ಹೆಣ್ಣನ್ನು ಉಳಿಸುವ ಗಂಡಸು. ಸ್ಕೂಟರು ಗುಂಡಿಗೆ ಇಳಿದು ಹಾರಿತು, ಹಿಂದೆ ಲತಾ ಮತ್ತೆ "ಸ್ಸ್" ಎಂದು ಅವನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವನು ಕೃತಿಕಾಳ ಬಗ್ಗೆಯೇ ಯೋಚಿಸಿದ.

ಮಿಲ್ಲು ಭಾನುವಳ್ಳಿಯಲ್ಲಿದ್ದರೂ ನಾಗರಾಜಪ್ಪನ ಮನೆ ಹರಿಹರದಲ್ಲಿ; ಮನೆಯ ಮುಂದೆ ಸಣ್ಣ ಶಾಮಿಯಾನ. ಒಳಗೆ ಕೇಸರಿಬಾತಿನ ತುಪ್ಪದ ವಾಸನೆ. "ಬರ್ರಿ ಬರ್ರಿ, ಇವತ್ತಿನ ಯಜಮಾನ್ರು ನೀವಾ" ಎಂದು ನಾಗರಾಜಪ್ಪ ಎರಡೂ ಕೈ ಹಿಡಿದುಕೊಂಡ. ಕೈ ಹಿಡಿದರೆ ಬರುವುದಿಲ್ಲ. ಆದರೂ ಬಕ್ಕೇಶಪ್ಪ ಕೆನ್ನೆಯ ಗಾಯವನ್ನು ಮುಟ್ಟಿದ ಬಲಗೈಯನ್ನು ಮೆಲ್ಲಗೆ ಬಿಡಿಸಿಕೊಂಡ. "ಲತಮ್ಮ, ನೀವು ಒಳಗ ಹೋಗ್ರಿ, ಮುತ್ತೈದೇರು ಐದು ಮಂದಿ ಬೇಕಂತೆ, ನಾಲ್ಕಾ ಆಗ್ಯಾರೆ" ಎಂದು ಯಾರೋ ಹೆಂಗಸು ಲತಾಳನ್ನು ಎಳೆದುಕೊಂಡು ಹೋದಳು. ಗೋಡೆಗಡಿಯಾರ, ಸ್ವಾಮಿಗಳ ಫೋಟೋ, ಫೋಟೋಕ್ಕೆ ಹೊಸ ಹಾರ, ಕುರ್ಚಿಗಳ ಸಾಲು, ಸಾಲಿನಲ್ಲಿ ಬಿಳಿ ಪಂಚೆಯ ಹಿರಿಯರು. ಪ್ರತಿಯೊಬ್ಬರ ಮೂರು ತಲೆಮಾರೂ ಅವನಿಗೆ ಬಾಯಿಪಾಠ. ಇವತ್ತು ಅವರೆಲ್ಲ ತನ್ನನ್ನು ನೋಡುವ ರೀತಿಯಲ್ಲಿ ಏನೋ ಬೇರೆ ಇದೆ ಅನ್ನಿಸಿತು. ಒಬ್ಬ ಮುದುಕ ಹತ್ತಿರ ಬಾಗಿ, "ಯಾಕ ಬಕ್ಕೇಶಪ್ಪ, ಸೊರಗೀಯಲ್ಲ?" ಎಂದ. ಅಷ್ಟಕ್ಕೇ ಅವನ ಬೆನ್ನು ಬೆವೆತು ಅಂಗಿ ಅಂಟಿಕೊಂಡಿತು. ಬಿಸಿಲು ಎಂದು ಏನೋ ಹೇಳಿ, ಹುಡುಗನ ಹತ್ತಿರ ಒಂದು ಮಾತಾಡಬೇಕು ಎಂದು ಎದ್ದ.

ಪ್ರಶಾಂತ ಮಹಡಿಯ ಕೋಣೆಯಲ್ಲಿ ಒಬ್ಬನೇ ಜುಬ್ಬದ ಗುಂಡಿ ಹಾಕಿಕೊಳ್ಳುತ್ತಿದ್ದ. ಮೂರು ತಿಂಗಳಾಗಿತ್ತು ಹತ್ತಿರದಿಂದ ನೋಡಿ. ಬಕ್ಕೇಶಪ್ಪ ಬಾಗಿಲು ಹಾಕಿ ಚಿಲಕಕ್ಕೆ ಕೈ ಹಾಕಿದಾಗ, "ಚಿಲಕ ಬ್ಯಾಡ ಅಣ್ಣಾರೆ" ಅಂದ ಪ್ರಶಾಂತ. ಮೆಲ್ಲಗೇ ಅಂದ. ಆದರೂ ಬಕ್ಕೇಶಪ್ಪನಿಗೆ ಕಪಾಳಕ್ಕೆ ಹೊಡೆದಂತಾಗಿ, ಅದಕ್ಕಲ್ಲ ನಾನು ಬಂದದ್ದು ಎಂದು ಹೇಳಲು ಹೋಗಿ, ಎರಡು ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಕಲಸಿಹೋಗಿ, ನೇರವಾಗಿ ಬಾಯಿಗೆ ಬಂದದ್ದನ್ನೇ ಹೇಳಿಬಿಟ್ಟ.

"ನನಗೆ ಎಚ್‌ಐವಿ ಐತೆ ಪ್ರಶಾಂತ. ಶುಕ್ರವಾರ ಗೊತ್ತಾತು. ನಿನಗೂ ಇರತೈತೆ. ಈ ಮದುವೆ ಬ್ಯಾಡ. ಆ ಹುಡುಗಿ ಏನು ಪಾಪ ಮಾಡ್ಯಾಳೆ?"

ಪ್ರಶಾಂತನ ಬೆರಳು ಗುಂಡಿಯ ಮೇಲೆ ನಿಂತಿತು. ಕುಸಿಯುತ್ತಾನೆ, ಕೂಗುತ್ತಾನೆ, ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಬಕ್ಕೇಶಪ್ಪ ಕಾದ. ಪ್ರಶಾಂತ ಮಂಚದ ಮೇಲೆ ಕೂತು, ಪಕ್ಕದ ಜಾಗ ತೋರಿಸಿ, "ಕೂಡ್ರಿ" ಅಂದ. "ಮಾತ್ರೆ ಶುರು ಮಾಡಿದ್ರಾ? ಎಷ್ಟು ಬೇಗ ಶುರು ಮಾಡ್ತೀರೋ ಅಷ್ಟು ಚೊಲೊ. ಬಿಡಬ್ಯಾಡ್ರಿ ಮತ್ತೆ." ಅವನ ಕಣ್ಣಲ್ಲಿ ನೀರು ಬಂದಿತ್ತು. "ನನಗೆ ಇಲ್ಲ ಅಣ್ಣಾರೆ."

"ಹೆಂಗೆ ಇಲ್ಲ? ಎರಡು ವರ್ಷ..."

"ನಾನು ಮಾತ್ರೆ ತಗೊಂತಿದ್ದೆ. ಬರದಂಗೆ ತಡಿಯೋ ಮಾತ್ರೆ. ಹುಬ್ಬಳ್ಳಿ ಡಾಕ್ಟ್ರು ಬರೆದುಕೊಟ್ಟಿದ್ರು. ಮೂರು ಮೂರು ತಿಂಗಳಿಗೆ ಟೆಸ್ಟ್ ಮಾಡಿಸ್ತಿದ್ದೆ. ನಿಮ್ಮ ಹತ್ರ ಬರೋದು ಬಿಟ್ಟ ಮ್ಯಾಲೂ ಮಾಡಿಸೀನಿ. ಹೋದ ವಾರನೂ ಮಾಡಿಸೀನಿ."

ಬಕ್ಕೇಶಪ್ಪನಿಗೆ ಮೊದಲು ಅರ್ಥವಾದದ್ದು ಒಳ್ಳೆಯ ಸುದ್ದಿಯಲ್ಲ. "ಅಂದ್ರೆ ನನ್ನ ಮ್ಯಾಲೆ ನಿನಗೆ ಅನುಮಾನ ಇತ್ತು" ಎಂದ. ಹೇಳಿದ ಮೇಲೆ ಅದೆಷ್ಟು ಹಾಸ್ಯಾಸ್ಪದ ಎಂದು ತಿಳಿದರೂ ಮಾತು ಹಿಂದಕ್ಕೆ ಬರಲಿಲ್ಲ.

"ನೀವು ಮೊದಲನೇ ದಿನ ನನ್ನ ಮಠ ಕೇಳಿದ್ರಿ, ಬೆಡಗು ಕೇಳಿದ್ರಿ, ಅವ್ವನ ತವರು ಕೇಳಿದ್ರಿ. ಟೆಸ್ಟ್ ಯಾವಾಗ ಮಾಡಿಸಿದ್ದಿ ಅಂತ ಕೇಳ್ಲಿಲ್ಲ. ಕಾಂಡೋಮ್ ತಂದಿದ್ದೆ ನಾನು. ನೆನಪೈತಾ? ನೀವು ಮುಖ ತಿರುವಿದ್ರಿ. ನಾನೇನು ಬೀದಿಯವನಾ ಅಂದ್ರಿ. ಇನ್ನು ಮಾತ್ರೆ ತಗೊಂತೀನಿ ಅಂದಿದ್ರೆ, ಇವನು ಎಷ್ಟು ಮಂದಿ ಹತ್ರ ಹೋಗ್ತಾನೋ ಅಂತ ಮೆಟ್ಟಿಲು ಇಳಿಸಿ ಕಳಿಸ್ತಿದ್ರಿ. ಹೌದಾ ಅಲ್ಲಾ, ನೀವಾ ಹೇಳ್ರಿ."

ಹೌದು. ಕಳಿಸುತ್ತಿದ್ದ. ಖಂಡಿತ ಕಳಿಸುತ್ತಿದ್ದ, ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದ. ಕೆಳಗೆ ಯಾರೋ ಹೆಂಗಸರು ಸೋಬಾನೆ ಎತ್ತಿಕೊಂಡರು, ಮಧ್ಯದಲ್ಲಿ ಪದ ಮರೆತು ನಕ್ಕರು. ಬಕ್ಕೇಶಪ್ಪ ಕೊನೆಯದಾಗಿ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡ. "ರೋಗ ಇಲ್ಲ, ಸರಿ. ಆದ್ರೆ ಆ ಹುಡುಗಿಗೆ ನೀನು ಎಂಥವನು ಅಂತ ಗೊತ್ತಿಲ್ಲ. ಅದು ಮೋಸ ಅಲ್ಲೇನು?"

"ಗೊತ್ತೈತೆ" ಅಂದ ಪ್ರಶಾಂತ. "ಎರಡನೇ ಸಲ ಸಿಕ್ಕಾಗಲಾ ಹೇಳೀನಿ. ನನಗೆ ಹೆಣ್ಣು ಅಂದ್ರೂ ಆಸೆ ಐತೆ, ಗಂಡು ಅಂದ್ರೂ ಐತೆ, ಇಷ್ಟು ದಿನ ಒಬ್ಬರ ಜೊತೆ ಇದ್ದೆ, ಮುಂದೆ ನಿನ್ನ ಜೊತೆ ಮಾತ್ರ ಇರ್ತೀನಿ ಅಂದೆ. ಒಂದು ವಾರ ಫೋನ್ ಎತ್ಲಿಲ್ಲ. ಆಮೇಲೆ ಅವಳಾ ಫೋನ್ ಮಾಡಿ, ಇಬ್ಬರೂ ಟೆಸ್ಟ್ ಮಾಡಿಸಾಣ ಅಂದ್ಳು. ನಾನೊಂದು ರಿಪೋರ್ಟ್ ಕೊಟ್ಟೆ, ಅವಳೊಂದು ಕೊಟ್ಳು. ನಿಮ್ಮ ಹೆಸರು ಹೇಳಿಲ್ಲ." ಆಮೇಲೆ ಬಕ್ಕೇಶಪ್ಪನ ಮೊಣಕೈ ಮುಟ್ಟಿ, ಇಬ್ಬರ ನಡುವೆ ಎಂದೂ ಬಾರದಿದ್ದ ಹೆಸರನ್ನು ಎತ್ತಿದ. "ಲತಕ್ಕಗೆ ಹೇಳಿದ್ರಾ?"

ಮಹಡಿಯ ಮೆಟ್ಟಿಲು ಹನ್ನೆರಡು. ಇಳಿಯುವಾಗ ಪ್ರತಿಯೊಂದರ ಮೇಲೂ ನಿಂತ. ಉಳಿಸಬೇಕೆಂದು ಬಂದ ಹೆಣ್ಣು ತನ್ನನ್ನು ತಾನೇ ಉಳಿಸಿಕೊಂಡಿದ್ದಳು, ಅವನ ಕೇಂದ್ರಕ್ಕೂ ಅವನ ಮಾತಿಗೂ ಗೊತ್ತಾಗದಂತೆ, ಯಾರ ಮರ್ಯಾದೆಯೂ ಹೋಗದಂತೆ. ನಿರ್ಮಲಮ್ಮ ಕೇಳಿ ತಪ್ಪಾಯಿತು ಎಂದದ್ದನ್ನು ಮಗಳು ಕೇಳಿ ಪಡೆದುಕೊಂಡಿದ್ದಳು. ಪ್ರಶಾಂತನಿಂದಲ್ಲ ಎಂದ ಮೇಲೆ ಇದು ಉಳಿದ ನಾಲ್ವರಲ್ಲಿ ಯಾರಿಂದಲೋ, ಎಷ್ಟೋ ವರ್ಷದ ಹಿಂದೆ ಬಂದದ್ದು. ಮಲೇಬೆನ್ನೂರು ಕಡೆಯ ಅಡತಿ ಅಂಗಡಿಯವನೇ? ಜಗಳೂರಿನ ಮೇಷ್ಟರೇ? ಅವರ ಹೆಂಡಂದಿರು ಯಾವ ಮನೆತನದವರು ಎಂದು ಅವನಿಗೆ ಗೊತ್ತಿತ್ತು. ಇಬ್ಬರಿಗೆ ಅವನೇ ಹೆಣ್ಣು ತೋರಿಸಿದ್ದ. ಅಷ್ಟು ವರ್ಷದಿಂದ ತನ್ನ ಮೈಯಲ್ಲಿದ್ದದ್ದು ತನ್ನ ಮನೆಯಲ್ಲಿ ಸುಮ್ಮನೆ ಕೂತಿರುತ್ತದೆಯೇ? ಪಕ್ಕೆಯಿಂದ ಬೆನ್ನಿಗೆ ಎದ್ದ ಕೆಂಪು ಗುಳ್ಳೆಗಳ ಸಾಲು ಕಣ್ಣ ಮುಂದೆ ಬಂತು. ಈ ಸಲ ಅದನ್ನು ಮಗುಚಿಡಲು ಎಲ್ಲೂ ಜಾಗವಿರಲಿಲ್ಲ. ಎರಡು ದಿನ ಇನ್ನೊಬ್ಬರ ಮಗಳಿಗಾಗಿ ಸಂಕಟಪಟ್ಟದ್ದು ಯಾಕೆಂದು ಈಗ ಅವನಿಗೆ ಸ್ಪಷ್ಟವಾಗಿ ತಿಳಿಯಿತು, ತಿಳಿದು ತನ್ನ ಮೇಲೇ ಹೇಸಿಗೆಯಾಯಿತು.

ನಡುಮನೆಯಲ್ಲಿ ಹಿರಿಯರು ಎದ್ದು ನಿಂತಿದ್ದರು. ಎರಡು ತಟ್ಟೆ ಎಲೆಅಡಿಕೆ. ಮಣೆಯ ಮೇಲೆ ಕೃತಿಕಾ, ಅವಳ ಸುತ್ತ ಐದು ಮುತ್ತೈದೆಯರು, ಐದನೆಯವಳು ಲತಾ. ಬಾಗಿ ಹುಡುಗಿಯ ಕೆನ್ನೆಗೆ ಅರಿಸಿನ ಹಚ್ಚುತ್ತಿದ್ದಳು. ಬಾಗಿದಾಗ ಎಡಗೈ ತಾನಾಗಿ ಪಕ್ಕೆಗೆ ಹೋಯಿತು. ಏನೋ ಚಾಷ್ಟಿ ಮಾಡಿರಬೇಕು, ಕೃತಿಕಾ ತುಟಿ ಬಿಗಿಹಿಡಿದು ನಕ್ಕಳು. "ಹೇಳ್ರಿ ಬಕ್ಕೇಶಪ್ಪ, ನಿಮ್ಮ ಮಾತಿಗೇ ಕಾಯಾಕೆ ಹತ್ತೀವಿ" ಎಂದ ನಾಗರಾಜಪ್ಪ. ಎಲ್ಲರೂ ಅವನ ಕಡೆ ತಿರುಗಿದರು. ನಾ ಕಂಡ ಮನೆ. ಐದು ಅಕ್ಷರದ ಆ ಮಾತು, ನೂರಾರು ಸಲ ಹೇಳಿದ್ದು, ಇವತ್ತು ಬಾಯಿಗೆ ಬರಲಿಲ್ಲ. ತಾನು ಏನು ಕಂಡಿದ್ದೇನೆ? ಹೊಸ್ತಿಲು, ಹಾರ ಹಾಕಿದ ಫೋಟೋ, ಪಂಚೆಯ ಅಂಚು. "ಹುಡುಗ ಹುಡುಗಿ ಒಬ್ಬರನ್ನೊಬ್ಬರು ತಿಳಿದುಕೊಂಡಾರೆ" ಎಂದ, ಕಷ್ಟಪಟ್ಟು. "ನಾ ಹೇಳೋದು ಏನೂ ಇಲ್ಲ. ತಟ್ಟೆ ಬದಲಾಯಿಸ್ರಿ." ಹಿರಿಯರು ಮುಖ ಮುಖ ನೋಡಿಕೊಂಡರು. ಇದೇನು ಹೊಸ ಪದ್ಧತಿ ಎಂದು ಯಾರೋ ಗೊಣಗಿದರು, ಬಕ್ಕೇಶಪ್ಪನೂ ಈಗಿನ ಕಾಲದವನಾದ ಎಂದು ಇನ್ನೊಬ್ಬರು ನಗಿಸಿದರು, ತಟ್ಟೆ ಬದಲಾದವು. ಆಮೇಲೆ ಕೃತಿಕಾ ಎಲ್ಲರ ಕಾಲಿಗೆ ಬೀಳುತ್ತಾ ಬಂದಳು. ಇವನ ಮುಂದೆ ಬಂದಾಗ ಒಂದು ಕ್ಷಣ ನಿಂತು ಅವನ ಮುಖವನ್ನು ನೋಡಿದಳು, ಬಾಗದೆ, ಕೈ ಮುಗಿದು ಮುಂದೆ ಹೋದಳು. ಹೆಸರು ಹೇಳಿಲ್ಲ ಎಂದಿದ್ದನಲ್ಲ ಪ್ರಶಾಂತ. ಬಕ್ಕೇಶಪ್ಪ ಕೇಸರಿಬಾತು ಪೂರ್ತಿ ತಿಂದ. ಅದರ ರುಚಿ ಹೇಗಿತ್ತೆಂದು ಆಮೇಲೆ ಅವನಿಗೆ ನೆನಪಾಗಲಿಲ್ಲ.

ಹಿಂದಿರುಗುವಾಗ ಎರಡು ಗಂಟೆಯ ಬಿಸಿಲು. ರಸ್ತೆಯಲ್ಲಿ ಲಾರಿಗಳು ಬಿಟ್ಟರೆ ಜನವಿಲ್ಲ. ಲತಾ ಮಾತಾಡುತ್ತಲೇ ಇದ್ದಳು. ಹುಡುಗಿ ಬಲು ಜಾಣೆ, ಮೆತ್ತಗೆ ಕಂಡರೂ ಗಟ್ಟಿಗಿತ್ತಿ, ನಿಮ್ಮ ಕೈಗುಣ ಚೊಲೊ, ಆದರೆ ಇವತ್ತು ಯಾಕೆ ಹಂಗಂದ್ರಿ, ನಿಮ್ಮಪ್ಪ ಇದ್ದಿದ್ದರೆ ಬೈತಿದ್ದರು. ಅವಳ ಕೈ ಅವನ ಭುಜದ ಮೇಲಿತ್ತು. ಹತ್ತೊಂಬತ್ತು ವರ್ಷದಿಂದ ಆ ಕೈ ಅಲ್ಲೇ ಇದೆ, ಅದರ ಭಾರ ಇಷ್ಟು ಎಂದು ಅವನು ಯಾವತ್ತೂ ಲಕ್ಷ್ಯ ಕೊಟ್ಟಿರಲಿಲ್ಲ. ನಾಳೆ ಬೆಳಿಗ್ಗೆ ಹೇಳಿದರಾಯಿತು. ಆಸ್ಪತ್ರೆಯ ಬಾಗಿಲಲ್ಲಿ ಹೇಳಿದರಾಯಿತು. ಸುನೀತಾ ಹೇಳುತ್ತಾಳೆ, ಅದು ಅವಳ ಕೆಲಸ. ಹೀಗೆ ಒಂದೊಂದು ಮೈಲಿಗೆ ಒಂದೊಂದು ಯೋಚಿಸಿದವನು, ಯಾವುದೋ ಹೊಲದ ಬದುವಿನ ಹತ್ತಿರ ಸ್ಕೂಟರು ನಿಲ್ಲಿಸಿ ಇಳಿದ. ಪೆಟ್ರೋಲು ಆಯಿತೇ ಎಂದು ಕೇಳುತ್ತಾ ಅವಳೂ ಇಳಿದಳು.

"ನಾಳೆ ದೊಡ್ಡಾಸ್ಪತ್ರೆಗೆ ಹೋಗಬೇಕು ಲತಾ. ರಕ್ತ ಪರೀಕ್ಷೆ ಐತೆ."

"ಯಾರಿಗ್ರಿ? ಹುಡುಗಂಗಾ?"

"ಅಲ್ಲ."

"ಕೃತಿಕಾಗಾ? ನಿರ್ಮಲಮ್ಮ ಮತ್ತೇನಾರ ತಕರಾರು ತೆಗೆದಳಾ?"

"ಅವರಿಬ್ಬರದ್ದೂ ಮುಗದೈತೆ. ನಿನಗೆ."

ಲತಾ ಕಣ್ಣು ಅಗಲಿಸಿ ಅವನನ್ನು ನೋಡಿ ಜೋರಾಗಿ ನಕ್ಕುಬಿಟ್ಟಳು. "ನನಗ್ಯಾಕ್ರಿ? ನನಗೂ ಒಂದು ಗಂಡು ನೋಡೀರೇನು?" ನಕ್ಕರೆ ಪಕ್ಕೆ ನೋಯುತ್ತಿತ್ತು, ಪಕ್ಕೆ ಹಿಡಿದುಕೊಂಡು ನಕ್ಕಳು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಅವಳು ನಗುವುದು ಮುಗಿಯಲಿ ಎಂದು ಬಕ್ಕೇಶಪ್ಪ ಕಾದ. ಮುಗಿಯದೇ ಇರಲಿ ಎಂದೂ ಅನ್ನಿಸುತ್ತಿತ್ತು. ಒಂದು ಲಾರಿ ಧೂಳೆಬ್ಬಿಸಿ ಹೋಯಿತು. ಧೂಳು ಇಳಿದಾಗ ಅವಳು ನಗುತ್ತಿರಲಿಲ್ಲ. ಅವನ ಮುಖವನ್ನು ನೋಡುತ್ತಿದ್ದಳು.

"ನನಗೆ ಬಂದೈತೆ ಲತಾ" ಅಂದ.

"ಏನು ಬಂದೈತ್ರಿ?" ಎನ್ನುತ್ತಾ ಅವಳು ಹತ್ತಿರ ಬಂದು, ಜ್ವರವಿದೆಯೇನೋ ಎಂದು ಅವನ ಹಣೆಯ ಮೇಲೆ ಕೈ ಇಟ್ಟಳು.